ಹೊಳಿ ಬಂದಾಗ ಮಕ್ಕಳನ್ನ ಕಾಯೋದು ಹೆಂಗ: ನಮ್ಮ ಕಡೆ ಮಂದಿಗೆ ಒಂದು ಮಾರ್ಗದರ್ಶಿ

ಕೃಷ್ಣಾ ಹೊಳಿಯ ನಾರಾಯಣಪುರ ಡ್ಯಾಮಿಂದ ನೀರು ಬಿಟ್ರು ಅಂತ ವಾಟ್ಸಾಪ್‌ನ್ಯಾಗ ಮೆಸೇಜ್ ಬಂತಂದ್ರ ನಮ್ಮ ಕಡೆ ಮೊದ್ಲು ನೆನಪಾಗೋದು ಎಮ್ಮಿ, ಆಮೇಲೆ ಪಂಪ್‌ಸೆಟ್, ಆಮೇಲೆ ಜೋಳದ ಚೀಲ. ತಪ್ಪೇನಿಲ್ಲ, ಹೊಟ್ಟಿಪಾಡು. ಮಕ್ಕಳು ಹೆಂಗೂ ಜೊತಿಗೇ ಇರ್ತಾವಲ್ಲ ಅಂತ ಧೈರ್ಯ. ನಾನೂ ಹಂಗ ತಿಳ್ಕೊಂಡಿದ್ದೆ, 2019ರ ಆಗಸ್ಟ್ ತನಕ.

ಆ ವರ್ಷ ಕೃಷ್ಣಾ ಹೊಳಿ ಹೆಂಗ ಬಂದಿತ್ತು ಅಂತ ನಿಮ್ಗೆಲ್ಲ ಗೊತ್ತೈತಿ, ಶೀಲಹಳ್ಳಿ ಬ್ರಿಡ್ಜ್ ಮುಳುಗಿ, ಹೂವಿನಹೆಡಗಿ ಬ್ರಿಡ್ಜ್ ಮುಳುಗಿ, ನಡುಗಡ್ಡಿ ಮಂದಿ ಆ ಕಡೆ ನಾವು ಈ ಕಡೆ. ಲಿಂಗಸುಗೂರು ತಾಲೂಕಿನ ಒಂದು ಸಾಲ್ಯಾಗ ಗಂಜಿ ಕೇಂದ್ರ ತೆಗೆದಿದ್ರು, ಈಗ ಅದಕ್ಕ ಕಾಳಜಿ ಕೇಂದ್ರ ಅಂತ ಚಲೋ ಹೆಸ್ರು ಇಟ್ಟಾರ, ಮಂದಿ ಬಾಯಾಗ ಇನ್ನೂ ಗಂಜಿ ಕೇಂದ್ರನ. ನಾನು ಗೆಳೆಯರ ಜೊತಿ ರೊಟ್ಟಿ ಹಂಚಾಕ ಹೋದಾಂವ. ರಾತ್ರಿ ಎಂಟರ ಸುಮಾರಿಗೆ ಒಂದು ಟ್ರ್ಯಾಕ್ಟರ್ ಬಂತು, ಮಂದಿ ಇಳಿದ್ರು, ಗಂಟುಮೂಟಿ ಇಳಿಸಿದ್ರು, ಎಲ್ಲಾ ಖಾಲಿ ಆದ ಮ್ಯಾಲೆ ಡ್ರೈವರ್ ಕೂಗಿದ, ಟ್ರಾಲಿ ಮೂಲ್ಯಾಗ ತಾಡಪಾಲಿನ ಕೆಳಗ ಒಂದು ಪೋರ ಮಲಗೈತಿ ಅಂತ. ನಾಕು ವರ್ಷ ಇದ್ದೀತು. ಯಾರ ಕೂಸು? ಯಾರ್ದೂ ಅಲ್ಲ. ಅವ್ವನ ಹೆಸ್ರೇನೋ ಅಂದ್ರ "ಅವ್ವ" ಅಂದ. ಅಪ್ಪನ ಹೆಸ್ರು? "ಅಪ್ಪ". ಊರು ಯಾವ್ದಪ್ಪ ಅಂದ್ರ "ಮನಿ" ಅಂದು ಅಳಾಕ ಚಾಲೂ ಮಾಡ್ದ. ಸೊಂಟದಾಗ ಉಡದಾರ, ಉಡದಾರದಾಗ ಒಂದು ತಾಯಿತ, ಬಿಚ್ಚಿ ನೋಡಿದ್ರ ಒಳಗ ಮಂತ್ರದ ಚೀಟಿ. ಆ ಚೀಟಿ ಹಿಂದ ಒಂದು ಫೋನ್ ನಂಬರ್ ಬರ್ದಿದ್ರ ಅರ್ಧ ತಾಸಿನ ಕೆಲ್ಸ. ಅವ್ವ ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಇನ್ನೊಂದು ಕೇಂದ್ರದಾಗ. ಕೂಸು ಅಜ್ಜಿ ಕಡೆ ಐತಿ ಅಂತ ಆಕಿ, ಸೊಸಿ ಕಡೆ ಐತಿ ಅಂತ ಅಜ್ಜಿ, ಇಬ್ಬರೂ ಬ್ಯಾರೆ ಬ್ಯಾರೆ ಟ್ರ್ಯಾಕ್ಟರ್ ಹತ್ತಿದ್ರು. ಹೊಳಿ ನೀರು ಆ ಪೋರನ ಕಾಲಿಗೂ ತಾಗಿರ್ಲಿಲ್ಲ. ಅವನ್ನ ಕಳೆದಿದ್ದು ಗದ್ಲ.

ಅದಕ್ಕ ಈ ಲೇಖನದಾಗ ನೀರಿಂದ ಪಾರಾಗೋದು ಹೆಂಗ ಅನ್ನೋದ್ಕಿಂತ ಗದ್ಲದಾಗ ಮಕ್ಕಳನ್ನ ಹಿಡ್ಕೊಳ್ಳೋದು ಹೆಂಗ ಅನ್ನೋದನ್ನ ಜಾಸ್ತಿ ಬರೀತೀನಿ.

ಮೊದ್ಲು: ಜೂನ್ ತಿಂಗಳಾಗ ಮುಗಿಸೋ ಕೆಲ್ಸ

ತುಂಗಭದ್ರಾ ಕಡೆಯವ್ರು "ನಮ್ದು ಡ್ಯಾಮ್ ಐತಿ, ಹೇಳಿ ಬಿಡ್ತಾರ" ಅಂತಿದ್ರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಿತ್ತು ಗೇಟ್ ಕೊಚ್ಕೊಂಡು ಹೋತಲ್ಲ, ಅದು ಯಾರ್ಗೂ ಹೇಳಿ ಹೋಗ್ಲಿಲ್ಲ. 2009ರಾಗಂತೂ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಸುರುವಿಗೆ, ಮಳಿಗಾಲ ಮುಗೀತು ಅನ್ನೋ ಹೊತ್ತಿನ್ಯಾಗ ಹೊಳಿ ಬಂದು ಮಂತ್ರಾಲಯಾನೂ ಮುಳುಗಿಸ್ತು. ಹಂಗಾಗಿ ತಯಾರಿ ಮೊದ್ಲ ಇರ್ಬೇಕು.

ಒಂದು ಸಣ್ಣ ಚೀಟಿ ಬರೀರಿ. ಕೂಸಿನ ಹೆಸ್ರು, ಅವ್ವ ಅಪ್ಪನ ಹೆಸ್ರು, ಊರು, ಎರಡು ಫೋನ್ ನಂಬರ್. ಎರಡರಾಗ ಒಂದು ನಿಮ್ಮ ಊರಿನ್ದು ಆಗಿರ್ಬಾರ್ದು, ಯಾಕಂದ್ರ ಹೊಳಿ ಬಂದಾಗ ಇಡೀ ಊರಿನ ಫೋನು ಒಮ್ಮಿಗೇ ಸ್ವಿಚ್ ಆಫ್ ಆಗ್ತಾವ. ರಾಯಚೂರಿನ್ಯಾಗೋ ಬೆಂಗ್ಳೂರಿನ್ಯಾಗೋ ಇರೋ ಸೋದರಮಾವಂದು ಹಾಕ್ರಿ. ಬಾಲ್ ಪೆನ್ನಿಲಿ ಬರ್ದು, ಸಣ್ಣ ಪ್ಲಾಸ್ಟಿಕ್ ಕವರ್‌ನ್ಯಾಗ ಹಾಕಿ ಬಾಯಿ ಸುಟ್ಟು, ಸಣ್ಣ ಕೂಸಿದ್ರ ಉಡದಾರಕ್ಕ ಕಟ್ರಿ, ಇಲ್ಲಾ ತಾಯಿತದಾಗ ಸುತ್ತಿಡ್ರಿ, ದೊಡ್ಡ ಹುಡುಗ್ರಿಗೆ ಚಡ್ಡಿ ಇಲ್ಲಾ ಲಂಗದ ಪಟ್ಟಿ ಒಳಗ ಹೊಲೀರಿ. ಕೊರಳಾಗ ದಾರ ಕಟ್ಟಿ ಇಳಿಬಿಡಬ್ಯಾಡ್ರಿ, ಎಲ್ಲ್ಯಾರ ಸಿಕ್ಕೊಂಡ್ರ ಕುತ್ತಿಗಿಗೆ ಬರ್ತೈತಿ. ಹೊರಗ ಕಾಣೋ ಹಂಗ ಹೆಸ್ರು ಬರ್ಯೋದೂ ಬ್ಯಾಡ, ಗೊತ್ತಿಲ್ದಾಂವ ಹೆಸ್ರು ಹಿಡ್ದು ಕರದ್ರ ಕೂಸು ಪರಿಚಯದವ್ರು ಅಂತ ಹೋಗಿಬಿಡ್ತೈತಿ. ಕೈ ಮ್ಯಾಲೆ ಬರೀತೀವಿ ಅಂತಾರ ಕೆಲವ್ರು, ಮಳ್ಯಾಗ ಎಷ್ಟೊತ್ತು ನಿಲ್ತೈತಿ ಅದು.

ಮಾತಾಡಾಕ ಬರೋ ಮಕ್ಕಳಿಗೆ ಅಪ್ಪನ ಪೂರ್ತಿ ಹೆಸ್ರು, ಊರು, ಒಂದು ನಂಬರ್ ಬಾಯಿಪಾಠ ಮಾಡಸ್ರಿ. ರೊಟ್ಟಿ ತಿನ್ಸೋವಾಗ ದಿನಾ ಕೇಳಿದ್ರ ವಾರದಾಗ ಬರ್ತೈತಿ.

ಫೋನಿನ್ಯಾಗ ಮಗುವಿನ ಹೊಸಾ ಫೋಟೋ ಇರ್ಬೇಕು, ಅವ್ವ ಅಪ್ಪ ಮಕ್ಕಳು ಎಲ್ಲಾರೂ ಒಟ್ಟಿಗೆ ಇರೋದೊಂದು ಬೇಕ ಬೇಕು, ನಾಳೆ "ಈ ಕೂಸು ನಂದು" ಅಂತ ತೋರ್ಸಾಕ ಅದರಂಥ ಕಾಗದ ಇನ್ನೊಂದಿಲ್ಲ. ಆಧಾರ್, ತಾಯಿ ಕಾರ್ಡ್, ರೇಷನ್ ಕಾರ್ಡ್, ಸಾಲ್ಯಾಗ ಕೊಡೋ ಸ್ಯಾಟ್ಸ್ ನಂಬರ್ (ಹುಡುಗನ ಗುರುತಿನ ನಂಬರ್) ಇವುಗಳ ಫೋಟೋನೂ ತೆಗೆದು ಅದೇ ಸೋದರಮಾವಗ ಕಳಿಸಿಡ್ರಿ.

ಆಮೇಲೆ ಜೋಡಿ ಹಚ್ರಿ. ಯಾವ ಕೂಸು ಯಾರ ಕೈಯಾಗ. "ಎಲ್ಲಾರೂ ನೋಡ್ಕೊಳ್ರಿ" ಅಂದ್ರ ಯಾರೂ ನೋಡಲ್ಲ, ಟ್ರಾಲ್ಯಾಗ ಸಿಕ್ಕ ಪೋರಂದು ಆದದ್ದು ಅದಾ. ಅಜ್ಜಿಗೆ ಸಣ್ಣದು, ಅಪ್ಪಗ ದೊಡ್ಡದು, ಹಿಂಗ ಹೆಸ್ರಿಟ್ಟು ಹೇಳ್ರಿ, ಮಕ್ಕಳಿಗೂ ಗೊತ್ತಿರ್ಲಿ. ತಪ್ಪಿಸ್ಕೊಂಡ್ರ ಎಲ್ಲಿ ಸೇರೋದು ಅಂತ ಒಂದು ಜಾಗನೂ ಗೊತ್ತು ಮಾಡ್ರಿ, ಎತ್ತರದ ಮ್ಯಾಲಿನ ಗುಡಿ, ಸಾಲಿ, ಯಾವ್ದಾರ.

ಊರು ಬಿಡೋವಾಗ

ಟ್ರ್ಯಾಕ್ಟರ್ ಬಂದ ಕೂಡ್ಲೇ "ಮಕ್ಕಳನ್ನ ಮೊದ್ಲು ಹತ್ತಸ್ರಿ" ಅಂತ ಯಾರೋ ಹಿರಿಯರು ಒದರ್ತಾರ. ಮನಸು ಒಳ್ಳೇದು, ಪದ್ಧತಿ ತಪ್ಪು. ಮಕ್ಕಳನ್ನ ಮೊದ್ಲು ಕಳ್ಸಿ ದೊಡ್ಡವ್ರು ಎಮ್ಮಿ ಬಿಚ್ಚಾಕ ಹಿಂದ ಉಳಿದ್ರ, ಎರಡನೇ ಟ್ರಿಪ್ ಹೊತ್ತಿಗೆ ರೋಡ್ ಮುಳುಗಿ ನಿಮ್ಮನ್ನ ಬ್ಯಾರೆ ಊರಿಗೆ ಒಯ್ತಾರ. ಮಕ್ಕಳ ಜೊತಿ ಅದೇ ಗಾಡ್ಯಾಗ ಮನಿಯವ್ರು ಒಬ್ಬರಾರ ಹತ್ತಬೇಕು. ಎಮ್ಮಿಗೆ ಹಗ್ಗ ಬಿಚ್ಚಿ ಬಿಟ್ರ ಅದು ಈಸ್ತೈತಿ.

ಹತ್ತೋವಾಗ ಎಣಿಸ್ರಿ, ಇಳಿಯೋವಾಗ ಎಣಿಸ್ರಿ. ಡ್ರೈವರ್‌ಗಳಿಗೆ ಒಂದು ಮಾತು: ಟ್ರಾಲಿ ಖಾಲಿ ಆದ ಮ್ಯಾಲೆ ತಾಡಪಾಲು ಎತ್ತಿ ನೋಡ್ರಿ ಅಣ್ಣಾ.

ಹರಿಗೋಲಿನ್ಯಾಗ ದಾಟೋ ಪ್ರಸಂಗ ಬಂದ್ರ, ಹೊಳಿ ತುಂಬಿದಾಗ ಆದಷ್ಟು ದಾಟಬಾರ್ದು, ಬೋಟ್ ಬರೋ ತನಕ ಎತ್ತರದಾಗ ಕುಂದ್ರೋದ ಚಲೋ. ಬೋಟಿನವ್ರ ಹತ್ರ ಲೈಫ್ ಜಾಕೆಟ್ ಕಡಿಮಿ ಇದ್ರ ಮಕ್ಕಳಿಗೆ ಮೊದ್ಲು. ಮುಳುಗಿದ ಬ್ರಿಡ್ಜ್ ಮ್ಯಾಲೆ ಹುಡುಗ್ರನ್ನ ಹೆಗಲ ಮ್ಯಾಲೆ ಹೊತ್ಕೊಂಡು ದಾಟಿ ವಿಡಿಯೋ ಮಾಡ್ಸೋರು ಪ್ರತಿ ವರ್ಷ ಇರ್ತಾರ. ಮೊಳಕಾಲು ಮಟ್ಟ ಹರಿಯೋ ನೀರು ದೊಡ್ಡ ಗಂಡಸ್ರನ್ನೂ ಕೆಡವ್ತೈತಿ.

ಇನ್ನೊಂದು, ಇದನ್ನ ಯಾರೂ ನೆನಪಿಡೋದಿಲ್ಲ. ಕೂಸಿಗೋ ಅವ್ವಗೋ ಆರಾಮಿಲ್ಲ ಅಂತ ಆಂಬುಲೆನ್ಸ್‌ನ್ಯಾಗ ಹಾಕಿ ಕಳಿಸ್ತಾರ, ಯಾವ ಆಸ್ಪತ್ರಿ ಅಂತ ಉಳಿದವ್ರಿಗೆ ಗೊತ್ತಿರಲ್ಲ. ಗಾಡಿ ನಂಬರ್ ಮತ್ತ ಆಸ್ಪತ್ರಿ ಹೆಸ್ರು ಬರ್ದುಕೊಳ್ಳದ ಕಳಿಸಬ್ಯಾಡ್ರಿ.

ಗಂಜಿ ಕೇಂದ್ರದಾಗ

ಇಲ್ಲಿಂದ ಪಂಚಾಯ್ತಿಯವ್ರು, ಮಾಸ್ತರು, ಯುವಕ ಮಂಡಳಿಯವ್ರು ಓದ್ರಿ. ರಿಜಿಸ್ಟರ್‌ನ್ಯಾಗ ಮನಿ ಯಜಮಾನನ ಹೆಸ್ರು ಬರ್ದು "ಒಟ್ಟು 6" ಅಂತ ಹಾಕಿ ಮುಗಿಸ್ತಾರ, ಊಟದ ಲೆಕ್ಕಕ್ಕ ಅದು ಸಾಕು, ಮಕ್ಕಳ ಲೆಕ್ಕಕ್ಕ ಸಾಲಲ್ಲ. ಮಕ್ಕಳಿಗೆ ಬ್ಯಾರೆ ನೋಟ್‌ಬುಕ್ ಇಡ್ರಿ: ಹೆಸ್ರು, ವಯಸ್ಸು, ಊರು, ಯಾರ ಜೊತಿ ಬಂದೈತಿ, ಅವರು ಏನಾಗಬೇಕು. "ಯಾರ ಜೊತಿ" ಅನ್ನೋ ಕಾಲಂ ಮುಖ್ಯ, ಅದನ್ನ ಕೇಳಿದಾಗ್ಲೇ ತಿಳಿಯೋದು ಕೂಸು ದೊಡ್ಡವ್ವನ ಜೊತಿ ಬಂದೈತಿ, ಅವ್ವ ಅಪ್ಪ ಎಲ್ಲೋ ಅದಾರ ಅಂತ. ಹೊರಗ ಕರ್ಕೊಂಡು ಹೋಗೋರ ಹೆಸ್ರು, ಸಹಿ ಅದೇ ಬುಕ್ಕಿನ್ಯಾಗ. ಆ ಬುಕ್ಕು ಅಂಗನವಾಡಿ ಟೀಚರ್ ಇಲ್ಲಾ ಸಾಲಿ ಅಕ್ಕೋರ ಕೈಯಾಗ ಇರ್ಲಿ, ಅವ್ರಿಗೆ ಮಕ್ಕಳ ಮುಖ ಗೊತ್ತಿರ್ತಾವ.

ಟಾಯ್ಲೆಟ್ ವಿಷ್ಯ ನಾಚ್ಕೊಳ್ದ ಹೇಳ್ತೀನಿ. ಸಾಲಿ ಟಾಯ್ಲೆಟ್ ಎರಡು ಇರ್ತಾವ, ಒಂದಕ್ಕ ಕೀಲಿ, ಇನ್ನೊಂದಕ್ಕ ಚಿಲ್ಕ ಇಲ್ಲ, ಮಂದಿ ಮುನ್ನೂರು. ಜಗತ್ತಿನ್ಯಾಗೆಲ್ಲ ಪರಿಹಾರ ಕೇಂದ್ರಗಳಿಗೆ ಇರೋ ಅಳತಿ ಪ್ರಕಾರ 20 ಮಂದಿಗೆ ಒಂದು ಬೇಕು, ಗಂಡಸ್ರಿಗೆ ಹೆಂಗಸ್ರಿಗೆ ಬ್ಯಾರೆ, ಒಳಗಿಂದ ಚಿಲ್ಕ, 50 ಮೀಟರ್ ಒಳಗ. ನಮ್ಮಲ್ಲಿ ಅಷ್ಟು ಆಗೋದು ಕಷ್ಟ, ಆದ್ರ ಚಿಲ್ಕ ಹಾಕ್ಸೋದು, ದಾರಿಗೆ ಒಂದು ಬಲ್ಬ್ ಎಳ್ಯೋದು ನೂರಾರು ರೂಪಾಯಿ ಕೆಲ್ಸ. ಲೈಟ್ ಇಲ್ದ ದಾರ್ಯಾಗ ಹುಡ್ಗ್ಯಾರು ರಾತ್ರಿ ಹೋಗಾಕ ಹೆದ್ರಿ ಸಂಜಿಯಿಂದ ನೀರು ಕುಡಿಯೋದ ಬಿಡ್ತಾರ. ನಮ್ಮ ಕೇಂದ್ರದಾಗ ಇದು ಗೊತ್ತಾಗಿದ್ದು ಮೂರನೇ ದಿನಕ್ಕ, ಅದೂ ಒಬ್ಬ ಆಶಾ ಅಕ್ಕ ಕೇಳಿದ್ದಕ್ಕ. ನಾವು ಗಂಡಸ್ರು ಅಲ್ಲೀ ತನಕ ಸಾಂಬಾರ್ ರುಚಿ ಬಗ್ಗೆ ಮಾತಾಡ್ತಿದ್ವಿ. ಸ್ಯಾನಿಟರಿ ಪ್ಯಾಡನ್ನೂ ಕೇಳೋ ತನಕ ಕಾಯಬ್ಯಾಡ್ರಿ, ಹೆಣ್ಣುಮಕ್ಕಳ ಕೈಯಿಂದ ಹಂಚಿಸ್ರಿ.

ಮಲಗಾಕ ಒಂದು ರೂಮ್ ಹೆಂಗಸ್ರು ಮಕ್ಕಳಿಗೆ ಬ್ಯಾರೆ ಇಡ್ರಿ, ಬಾಗಿಲ ಹತ್ರ ಹಿರಿ ಹೆಂಗಸ್ರು ಇಬ್ಬರು. ಕುಡದು ಬಂದೋರಿಗೆ ಗೇಟ್ ಒಳಗ ಜಾಗ ಇಲ್ಲ, ಅಂವ ಯಾರ ಅಳಿಯ ಆಗಿದ್ರೂ.

ಬಿಸ್ಕೀಟ್ ಕೊಟ್ಟು ಫೋಟೋ ತಕ್ಕೊಳ್ಳೋರ ಬಗ್ಗೆ ಹೇಳಿದ್ರ ಸಿಟ್ಟಿಗೇಳ್ತಾರ, ಆದ್ರೂ ಹೇಳ್ತೀನಿ. ಮುಖ, ಊರು, ಕೇಂದ್ರದ ಹೆಸ್ರು ಮೂರೂ ಒಂದ ಪೋಸ್ಟಿನ್ಯಾಗ ಹಾಕಿದ್ರ, "ಅವ್ವ ಅಪ್ಪ ಇಲ್ದ ಕೂಸು ಇಲ್ಲೈತಿ" ಅಂತ ಹುಡುಕೋರಿಗೆ ಅಡ್ರೆಸ್ ಕೊಟ್ಟಂಗ. ದಾನ ಮಾಡೋರ ಫೋಟೋ ತೆಗೀರಿ ಬೇಕಾದ್ರ. "ಈ ಹುಡ್ಗಿಗೆ ಬೆಂಗ್ಳೂರಿನ್ಯಾಗ ಹಾಸ್ಟೆಲ್ ಕೊಡಿಸ್ತೀವಿ, ಓದಿಸ್ತೀವಿ" ಅಂತ ಕಾರಿನ್ಯಾಗ ಬರೋರ ಐಡಿ ಕೇಳ್ರಿ, ತಾಲೂಕಾಫೀಸಿಗೆ ಹೇಳಿ ಬರ್ರಿ ಅನ್ರಿ. ಖರೇ ಮಂದಿ ಇದ್ರ ಹೋಗಿ ಬರ್ತಾರ.

ಒಬ್ಬಂಟಿ ಕೂಸು ಸಿಕ್ರ

ಕೂಸನ್ನ ಮನಿಗೆ ಒಯ್ಯಬ್ಯಾಡ್ರಿ. ಪ್ರೀತಿಯಿಂದಾನ ಒಯ್ತೀರಿ, ಆದ್ರ ಹುಡುಕಿ ಬರೋ ಅವ್ವಗ ನಿಮ್ಮ ಮನಿ ಗೊತ್ತಿಲ್ಲ. ಸಿಕ್ಕ ಜಾಗದ ಹತ್ರಾನ ಸುರಕ್ಷಿತ ಕಡೆ ಕುಂದ್ರಿಸಿ, ಒಣಾ ಬಟ್ಟಿ, ಬಿಸಿ ಏನಾರ ತಿನ್ನಾಕ ಕೊಟ್ಟು, ಒಬ್ಬರ ಇಬ್ಬರ ಜೊತಿಗಿರ್ರಿ. ಸುತ್ತ ಹತ್ತು ಮಂದಿ ನಿಂತು ಒಂದ ಪ್ರಶ್ನಿ ಹತ್ತು ಸಲ ಕೇಳಿದ್ರ ಗೊತ್ತಿದ್ದದ್ದೂ ಮರೀತಾವ. ನಮ್ಮ ಪೋರಗ ಒಬ್ಬ ಅಡುಗಿ ಅಕ್ಕ ಬಾಳಿಹಣ್ಣು ಸುಲಿದು ಕೊಡ್ಕೋತ "ನಿಮ್ಮ ಮನ್ಯಾಗ ಎಮ್ಮಿ ಐತೇನೋ" ಅಂದ್ಲು. ಎರಡು ಅದಾವ ಅಂದ. ಡೈರಿಗೆ ಹಾಲು ಯಾರು ಒಯ್ತಾರ ಅಂದ್ಲು. ಒಂದು ಹೆಸ್ರು ಹೇಳಿದ, ಅದ ಹೆಸ್ರಿನ ಮ್ಯಾಲೆ ಊರು ಸಿಕ್ತು. ಅಪ್ಪ ಅವ್ವನ ಹೆಸ್ರು ಗೊತ್ತಿಲ್ಲಂದ್ರ ಹಿಂಗ ಸುತ್ತು ಹಾಕ್ರಿ: ಸಾಲಿ ಅಕ್ಕೋರು ಯಾರು, ಗುಡಿ ಯಾವ್ದು, ಜಾತ್ರಿ ಯಾವ್ದು.

ಕೂಡ್ಲೇ 1098ಕ್ಕ ಫೋನ್ ಹಚ್ರಿ, ಮಕ್ಕಳ ಸಹಾಯವಾಣಿ ಅದು, ದಿನಾ 24 ತಾಸು, ದುಡ್ಡಿಲ್ಲ. ಹತ್ತಲಿಲ್ಲ ಅಂದ್ರ ತುರ್ತು ನಂಬರ್ 112. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪಾಲಕರಿಂದ ತಪ್ಪಿಸಿಕೊಂಡ ಕೂಸು ಸಿಕ್ಕೋರು 24 ತಾಸಿನೊಳಗ ಸಹಾಯವಾಣಿಗೆ, ಪೊಲೀಸ್‌ಗೆ ಇಲ್ಲಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ ತಿಳಿಸಲೇಬೇಕು, ತಿಳಿಸ್ಲಿಲ್ಲ ಅಂದ್ರ ಆರು ತಿಂಗಳ ತನಕ ಜೈಲು ಇಲ್ಲಾ 10,000 ರೂಪಾಯಿ ತನಕ ದಂಡ, ಎರಡೂ ಆಗ್ಬಹುದು. ಅವರು ಕೂಸನ್ನ ಮಕ್ಕಳ ಕಲ್ಯಾಣ ಸಮಿತಿ ಮುಂದ ಹಾಜರು ಮಾಡ್ತಾರ. ಹೆದರ್ಕೋಬ್ಯಾಡ್ರಿ, ತಿಳಿಸಿದ್ದಕ್ಕ ನಿಮ್ಮ ಮ್ಯಾಲೆ ಕೇಸ್ ಆಗಲ್ಲ.

ಮೈಕಿನ್ಯಾಗ ಕೂಗೋವಾಗ ಎಲ್ಲಾ ಗುರುತು ಹೇಳಿಬಿಡಬ್ಯಾಡ್ರಿ. "ಒಂದು ಗಂಡು ಕೂಸು ಸಿಕ್ಕೈತಿ" ಅಂದ್ರ ಸಾಕು. ಅಂಗಿ ಬಣ್ಣ, ಮಚ್ಚಿ, ತಾಯಿತ ಇವನ್ನ ಬಂದವ್ರು ಹೇಳ್ಲಿ, ನೀವು ಹೊಂದಿಸಿ ನೋಡ್ರಿ, ಕೂಸು ಅವರನ್ನ ನೋಡಿ ಹೆಂಗ ಮಾಡ್ತೈತಿ ಅನ್ನೋದನ್ನೂ ನೋಡ್ರಿ, ಆಮೇಲೆ ಪೊಲೀಸ್ರ ಮುಂದ ಒಪ್ಪಿಸ್ರಿ. ನಿಮ್ಮ ಕೂಸ ಕಾಣ್ತಿಲ್ಲ ಅಂದ್ರ ಸ್ಟೇಷನ್‌ನ್ಯಾಗ ಎಫ್ಐಆರ್ ಮಾಡಸ್ರಿ, "ನಾಳಿ ತನಕ ನೋಡ್ರಿ" ಅಂದ್ರ ಒಪ್ಪಬ್ಯಾಡ್ರಿ, ಕಾಣೆಯಾದ ಪ್ರತಿ ಮಗುವಿಗೂ ಎಫ್ಐಆರ್ ಆಗಬೇಕಂತ ಸುಪ್ರೀಂ ಕೋರ್ಟ್ 2013ರಾಗನ ಹೇಳೈತಿ.

"ಅನಾಥ ಕೂಸು ಐತಿ, ಬೇಕಾದವ್ರು ಸಂಪರ್ಕಿಸಿ" ಅನ್ನೋ ಮೆಸೇಜ್ ಬಂದ್ರ ಫಾರ್ವರ್ಡ್ ಒತ್ತಬ್ಯಾಡ್ರಿ. ದತ್ತು ಅನ್ನೋದು ಕಾನೂನಿನ ದಾರ್ಯಾಗ ಮಾತ್ರ, ಕೂಸು ಮಾರಿದ್ರೂ ಕೊಂಡ್ರೂ ಐದು ವರ್ಷ ತನಕ ಜೈಲು.

ಹೊಟ್ಟಿ

ಇದನ್ನ ಚುಟುಕಾಗಿ ಹೇಳ್ತೀನಿ, ಆಶಾ ಅಕ್ಕಂದಿರಿಗೆ ನನ್ಕಿಂತ ಚೆಂದ ಗೊತ್ತೈತಿ. ಆರು ತಿಂಗಳ ಒಳಗಿನ ಕೂಸಿಗೆ ಎದಿಹಾಲು ಬಿಟ್ಟು ಏನೂ ಬ್ಯಾಡ. ಗಾಬರಿಗೆ ಹಾಲು ಬತ್ತೈತಿ ಅಂತ ಹೇಳಿ ಹಾಲಿನ ಪುಡಿ ಡಬ್ಬಿ ಹಂಚಾಕ ಬರ್ತಾರ, ಹೊಲಸು ನೀರಿನ್ಯಾಗ ಕಲಸಿ ಕೊಟ್ರ ಆ ಬಾಟ್ಲಿನ ಕೂಸಿಗೆ ಶತ್ರು. ಬಾಣಂತಿಗೆ ಒಂದು ಮೂಲ್ಯಾಗ ಸೀರಿ ಅಡ್ಡ ಕಟ್ಟಿಕೊಡ್ರಿ, ಹೊಟ್ಟಿ ತುಂಬ ಊಟ ಕೊಡ್ರಿ, ಹಾಲು ತಾನ ಬರ್ತೈತಿ. ವಾಂತಿ ಭೇದಿ ಹತ್ತಿದ್ರ ಓಆರ್‌ಎಸ್, ಪ್ಯಾಕೆಟ್ ಇಲ್ಲಂದ್ರ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಗುಡ್ಡಿ ಇಲ್ದ ಮಟ್ಟಸವಾಗಿ ತುಂಬಿದ 6 ಸಣ್ಣ ಚಮಚ (ಟೀ ಚಮಚ) ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರ್ದು. ಝಿಂಕ್ ಗುಳಿಗಿ 14 ದಿನ, ಭೇದಿ ನಿಂತ್ರೂ ಮುಗಿಸ್ಬೇಕು. ಕಣ್ಣು ಗುಳಿಬಿದ್ರ, ಕೂಸು ಜೋಲು ಬಿದ್ರ, ಕುಡ್ಯೋದ ಬಿಟ್ರ, ರಕ್ತ ಕಂಡ್ರ ಆಸ್ಪತ್ರಿಗೆ. ದಡಾರ ಲಸಿಕಿ ತಪ್ಪಿದ ಮಕ್ಕಳ ಪಟ್ಟಿನೂ ಅಲ್ಲೇ ಮಾಡ್ರಿ, ಮಂದಿ ಒತ್ತಾಗಿರೋ ಕಡೆ ದಡಾರ ಲಗೂನ ಹಬ್ಬತೈತಿ.

ಮನಸು

ಏಳೆಂಟು ವರ್ಷದ ಹುಡುಗ ಮತ್ತ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ, ಹುಡ್ಗಿ ಅವ್ವನ ಸೆರಗು ಬಿಡವಲ್ಲಳು, ಮಳಿ ಸಪ್ಪಳ ಕೇಳಿದ್ರ ಎದ್ದು ಕುಂದ್ರತಾಳ. ಬಡದ್ರ ಹೋಗಲ್ಲ ಇವು, ಹೆದರಿಕಿ ಕಡಿಮಿ ಆದ್ರ ಹೋಗ್ತಾವ. ಅದಕ್ಕ ದಿನಕ್ಕ ಒಂದ ಟೈಮ್‌ಗೆ ಎರಡು ತಾಸು ಆಟ ಇಡ್ರಿ. ಕುಂಟಬಿಲ್ಲಿ, ಅಳಿಗುಳಿಮಣಿ, ಹಾಡು, ಬಣ್ಣದ ಸೀಸಕಡ್ಡಿ ಹಾಳಿ. ಒಬ್ಬ ಹುಡುಗ ಐದು ದಿನ ಒಂದ ಚಿತ್ರ ಬರ್ದ, ಮನಿ, ಮ್ಯಾಲೆ ನೀರು, ನೀರಿನ ಮ್ಯಾಲೆ ಒಂದು ನಾಯಿ. ಆರನೇ ದಿನ ನಾಯಿಗೆ ಹರಿಗೋಲು ಬರ್ದ.

ಸತ್ತವ್ರ ಬಗ್ಗೆ, ಹೋದ ಎಮ್ಮಿ ಬಗ್ಗೆ ಸುಳ್ಳು ಹೇಳಬ್ಯಾಡ್ರಿ. "ಊರಿಗೆ ಹೋಗ್ಯಾನ, ಬರ್ತಾನ" ಅಂದ್ರ ಕೂಸು ಗೇಟ್ ನೋಡ್ಕೋತ ಕುಂದ್ರತೈತಿ. ತಿಂಗಳಾದ್ರೂ ಮಾತು, ಊಟ, ನಿದ್ದಿ ಸರಿ ಆಗ್ಲಿಲ್ಲಂದ್ರ ಡಾಕ್ಟರಿಗೆ ತೋರಿಸ್ರಿ, ಅಂತ್ರ ಕಟ್ಟಸ್ರಿ ಬೇಕಾದ್ರ, ತೋರ್ಸೋದು ಬಿಡಬ್ಯಾಡ್ರಿ.

ಯಾರೋ ಮೈ ಮುಟ್ಟಿದ್ರು ಅಂತ ಕೂಸು ಹೇಳಿದ್ರ ನಂಬ್ರಿ. ಮತ್ತ ಮತ್ತ ಕೇಳಬ್ಯಾಡ್ರಿ, ಬಟ್ಟಿ ತೊಳೀಬ್ಯಾಡ್ರಿ, 1098 ಇಲ್ಲಾ ಪೊಲೀಸ್‌ಗೆ ತಿಳಿಸ್ರಿ, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ 2012ರ ಪೋಕ್ಸೋ ಕಾಯ್ದ್ಯಾಗ ತಿಳಿಸೋದು ಕಡ್ಡಾಯ. ಹಿರಿಯರು ಕುಂತು "ಮರ್ಯಾದಿ ಪ್ರಶ್ನಿ, ಇಲ್ಲೇ ಮುಗಿಸೋಣ" ಅಂತಾರ. ಮುಗಿಯೋದಿಲ್ಲ ಅದು, ಮುಚ್ಚೋದು ಅಷ್ಟ.

ನೀರು ಇಳಿದ ಮ್ಯಾಲೆ

ಟಿವಿಯವ್ರು ಹೋದ ಮ್ಯಾಲೆ ನಮ್ಮ ಕಡೆ ಖರೇ ಸಂಕಟ ಚಾಲೂ ಆಗ್ತೈತಿ. ಬೆಳಿ ಹೋತು, ಸಾಲ ಐತಿ, ಗುಳೆ ಹೊಂಟ್ರು. ಮಕ್ಕಳು ಮೂರು ದಾರಿ ಹಿಡೀತಾವ: ಅವ್ವ ಅಪ್ಪನ ಜೊತಿ ಬೆಂಗ್ಳೂರಿನ ಬಿಲ್ಡಿಂಗ್ ಶೆಡ್ಡಿಗೆ, ಇಲ್ಲಾ ಬೆಳಿಗ್ಗೆ ಆರಕ್ಕ ಟಂಟಂ ಏರಿ ಹತ್ತಿ ಕ್ರಾಸಿಂಗ್‌ಗೆ (ಬೀಜಕ್ಕಂತ ಹೂವಿಗೆ ಹೂ ತಾಗಿಸೋ ಕೆಲ್ಸ), ಮೆಣಸಿನಕಾಯಿ ಬಿಡಸಾಕ, ಇಲ್ಲಾ ಹೆಣ್ಣು ಕೂಸಿದ್ರ ಮದುವಿ ಮಂಟಪಕ್ಕ. ಬೆಳಿ ಹೋದ ವರ್ಷ, ಬರ ಬಿದ್ದ ವರ್ಷ, ಸಾಮೂಹಿಕ ವಿವಾಹದಾಗ ಹುಡ್ಗ್ಯಾರ ವಯಸ್ಸು ಒಮ್ಮಿಂದೊಮ್ಮಿಗೆ ಹದಿನೆಂಟು ಆಗಿರ್ತೈತಿ, ಆಧಾರ್ ಬಿಟ್ಟು ಸಾಲಿ ದಾಖಲಾತಿ ನೋಡ್ರಿ ಅಲ್ಲಿ.

ಏನ್ ಮಾಡ್ಬೇಕು? ಗುಳೆ ಹೋಗೋರು ಮಕ್ಕಳನ್ನ ಕರ್ಕೊಂಡು ಹೋಗೋದಾದ್ರ ಅಲ್ಲಿನ ಸರ್ಕಾರಿ ಸಾಲಿಗೆ ಸೇರಿಸ್ರಿ, ಟಿಸಿ ಇಲ್ಲ, ಜನ್ಮ ದಾಖಲಿ ಇಲ್ಲ ಅಂತ 6ರಿಂದ 14 ವರ್ಷದ ಮಕ್ಕಳನ್ನ ವಾಪಸ್ ಕಳ್ಸಂಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದ್ಯಾಗ ಐತಿ. ತಾಯಿ ಕಾರ್ಡ್ ಒಯ್ರಿ, ಲಸಿಕಿ ಅಲ್ಲೂ ಹಾಕ್ತಾರ. ಬಿಟ್ಟು ಹೋಗೋದಾದ್ರ ಅಜ್ಜಿ ಹೆಸ್ರು, ಫೋನ್ ನಂಬರ್ ಮಾಸ್ತರಿಗೆ ಬರ್ದು ಕೊಟ್ಟು ಹೋಗ್ರಿ. ಕೂಲಿಗೆ ಕರಿಯಾಕ ಬರೋ ಮೇಸ್ತ್ರಿಗೆ ಹೇಳ್ರಿ, 14 ವರ್ಷದ ಒಳಗಿನ ಕೂಸನ್ನ ಕೆಲ್ಸಕ್ಕ ಇಟ್ಕೊಂಡ್ರ ಆರು ತಿಂಗಳಿಂದ ಎರಡು ವರ್ಷ ಜೈಲು ಇಲ್ಲಾ 20,000ರಿಂದ 50,000 ದಂಡ, ಎರಡೂ ಆಗ್ಬಹುದು. 18 ತುಂಬದ ಹುಡ್ಗಿ ಮದುವಿ ನಮ್ಮ ರಾಜ್ಯದಾಗ ಕಾನೂನಿನ ಪ್ರಕಾರ ಮದುವಿನ ಅಲ್ಲ, ಮಾಡಿಸಿದವ್ರಿಗೆ ಎರಡು ವರ್ಷ ತನಕ ಕಠಿಣ ಶಿಕ್ಷೆ, ಒಂದು ಲಕ್ಷ ತನಕ ದಂಡ. ನಿಲ್ಲಿಸ್ಬೇಕಂದ್ರ ಅದಾ 1098. ನಿಮ್ಮ ಹೆಸ್ರು ಹೇಳೋ ಜರೂರಿಲ್ಲ.

ಸಾಲಿ ಮತ್ತ ತೆಗೆಯೋ ದಿನ, ಕೋಣಿ ತೊಳ್ದು, ಒದ್ದಿ ಗ್ವಾಡ್ಯಾಗಿನ ಕರೆಂಟ್ ವೈರ್ ಚೆಕ್ ಮಾಡಿಸಿದ ಮ್ಯಾಲೆ, ಹಾಜರಿ ಬುಕ್ಕು ತಗೊಂಡು ಮಳಿಗಿಂತ ಮುಂಚಿನ ಹೆಸ್ರುಗಳನ್ನ ಒಂದೊಂದಾಗಿ ಕರೀರಿ. ವಾರದೊಳಗ ಬರದವ್ರ ಮನಿಗೆ ಹೋಗ್ರಿ. ನಾವು ಹಂಗ ಮಾಡಿದಾಗ ಮೂರು ಹೆಸ್ರಿಗೆ "ಎಸ್ ಸರ್" ಬರ್ಲಿಲ್ಲ. ಇಬ್ಬರು ಗುಳೆ ಹೋಗಿದ್ರು, ಅಲ್ಲಿನ ಸಾಲಿಗೆ ಸೇರಿಸಿದ್ದು ಫೋನ್‌ನ್ಯಾಗ ಖಾತ್ರಿ ಮಾಡ್ಕೊಂಡ್ವಿ. ಮೂರನೇಯಾಕಿ, ಏಳನೇತ್ತ ಓದೋಳು, ಕೆಸರು ಬಳಿದ ಮನಿ ಕಟ್ಟಿ ಮ್ಯಾಲೆ ತಮ್ಮನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಿದ್ಲು, ಅವ್ವ ಹೊಲಕ್ಕ ಹೋಗ್ಯಾಳ, ಇವನ್ನ ಯಾರು ನೋಡ್ತಾರ್ರಿ ಸರ್ ಅಂದ್ಲು. ಅಂಗನವಾಡಿ ಇನ್ನೂ ಬಾಗಿಲು ತೆಗೆದಿರ್ಲಿಲ್ಲ. ಅದನ್ನ ತೆಗೆಸಾಕ ನಾಕು ದಿನ ಹಿಡೀತು, ಐದನೇ ದಿನ ತಮ್ಮ ಅಲ್ಲಿ, ಅಕ್ಕ ಇಲ್ಲಿ.